12.7 ವೋಲ್ಟ್ ಇದೆ ಎಂದಿತು ಮೀಟರು! ಹಾಗಾದರೆ ರೋಬೋ ಕುಸಿದದ್ದೇಕೆ?

ಹಳಿಯಾಳದಲ್ಲಿ ನಮ್ಮಕ್ಕನ ಮನೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದ ದೊಡ್ಡ ಚೌಕ. ಚೌಕದ ನಡುವೆ ನಾಲ್ಕು ಚಕ್ರದ ಒಂದು ರೋಬೋ!

ಅಲ್ಯುಮಿನಿಯಂ ಪಟ್ಟಿಯ ಮೈ. ಕಾರಿನ ವೈಪರ್ ಮೋಟಾರು ನಾಲ್ಕು. ಹೊಟ್ಟೆಯಲ್ಲಿ ಯುಪಿಎಸ್‌ಗೆ ಹಾಕುವಂಥ 12 ವೋಲ್ಟಿನ ಬ್ಯಾಟರಿ. ಸೋದರಳಿಯ ಮತ್ತವನ ಮೂವರು ಗೆಳೆಯರು ಸ್ಪರ್ಧೆಗೆಂದು ಕಟ್ಟಿದ್ದು.

ಮುಂದೆ ಹೋಗು ಅಂದರೆ ಹೋಯಿತು. ಹಿಂದೆ ಬಾ ಅಂದರೆ ಬಂತು. ನಿಂತಲ್ಲೇ ತಿರುಗು ಅಂದರು ನೋಡಿ...

ಟಕ್!

ದೀಪವೆಲ್ಲ ಆರಿತು. ಮೋಟಾರು ಗಪ್‌ಚುಪ್. ಎರಡು ಸೆಕೆಂಡು ಬಿಟ್ಟು ಬೋರ್ಡು ಮತ್ತೆ ಕಣ್ಣು ತೆರೆಯಿತು, ಏನೂ ಆಗೇ ಇಲ್ಲ ಅನ್ನುವ ಹಾಗೆ! ಇನ್ನೊಮ್ಮೆ ತಿರುಗಿಸಿದರು. ಇನ್ನೊಮ್ಮೆ ಟಕ್!

"ಬ್ಯಾಟರಿ ಚಾರ್ಜ್ ಮಾಡೀರೇನೋ?" ಎಂದೆ.

"ರಾತ್ರಿಯೆಲ್ಲಾ ಹಚ್ಚಿದ್ವಿ ಮಾಮಾ. ಫುಲ್ ಐತ್ರಿ. ಬೇಕಾದ್ರ ನೀವ ನೋಡ್ರಿ."

ಮೀಟರ್ ಹಿಡಿದ. 12.7! ತುಂಬಿದ ಸೀಸದ ಬ್ಯಾಟರಿ ತೋರಿಸಬೇಕಾದದ್ದೇ ಅಷ್ಟು. ಗೆಳೆಯನೊಬ್ಬ ಓಡಿಹೋಗಿ ಬೇರೆ ಬ್ಯಾಟರಿ ತಂದ. ಅದೂ 12.7. ಅದಕ್ಕೂ ಟಕ್!

ಹಾಗಾದರೆ ವೋಲ್ಟೇಜು ಹೋದದ್ದೆಲ್ಲಿಗೆ? ಊಹಿಸಿ. ಒಂದೇ ಒಂದು ಸುಳಿವು ಕೊಡುತ್ತೇನೆ: ಬ್ಯಾಟರಿ ಬದಲಾಯಿತು, ಬದಲಾಗದೆ ಉಳಿದದ್ದು ಯಾವುದು? ಉತ್ತರ ಈಗಲೇ ಹೇಳುವುದಿಲ್ಲ. ದಾರಿಯಲ್ಲಿ ಇದಕ್ಕಿಂತ ದೊಡ್ಡ ಬೆರಗುಗಳಿವೆ!

ಮೊದಲನೆಯದು ಇಲ್ಲಿದೆ. ಮೋಟಾರು ಅತಿ ಹೆಚ್ಚು ಕರೆಂಟು ಎಳೆಯುವುದು ಯಾವಾಗ? ಗಿರ್ರನೆ ಪೂರ್ತಿ ವೇಗದಲ್ಲಿ ಸುತ್ತುವಾಗ ಅಂತೀರಾ?

ಅಲ್ಲ! ನಿಂತಾಗ! ಒಂದಿಷ್ಟೂ ಅಲುಗದೆ ನಿಂತಿರುವಾಗ!

ನನಗೂ ನಂಬಿಕೆ ಬರಲಿಲ್ಲ. ಆದರೆ ಅಂಕಿ ನೋಡಿ. ಅಮೆರಿಕದಲ್ಲಿ 1992ರಲ್ಲಿ ಶುರುವಾದ 'ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್' ಎಂಬ ಹೈಸ್ಕೂಲು ಮಕ್ಕಳ ಪಂದ್ಯವಿದೆ. ಅಲ್ಲಿನ ರೋಬೋಗಳ ಚಕ್ರಗಳನ್ನು ವರ್ಷಾನುಗಟ್ಟಲೆ ತಿರುಗಿಸಿದ ಒಂದು ಮೋಟಾರಿನ ಹೆಸರು 'ಸಿಮ್'. ಅಂಗೈಯಲ್ಲಿ ಹಿಡಿಯಬಹುದು, ತೂಕ ಒಂದೂಕಾಲು ಕಿಲೋ. 12 ವೋಲ್ಟ್ ಕೊಟ್ಟು ಖಾಲಿ ಬಿಟ್ಟರೆ ನಿಮಿಷಕ್ಕೆ 5,300 ಸುತ್ತು ಹೊಡೆಯುತ್ತದೆ. ಆಗ ಎಳೆಯುವ ಕರೆಂಟು 2.7 ಆಂಪಿಯರ್. ಅಷ್ಟೇ!

ಈಗ ಅದರ ಶಾಫ್ಟನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿ. ಎಷ್ಟಾಗುತ್ತದೆ? 10? 20? 50 ಅನ್ನುವ ಧೈರ್ಯ ಇದೆಯೇ?

ಸುಮಾರು 131 ಆಂಪಿಯರ್! ಹೆಚ್ಚೂಕಡಿಮೆ 50 ಪಟ್ಟು!

ಈ 131ನ್ನು ಮರೆಯಬೇಡಿ. ಕೊನೆಯ ಹೊತ್ತಿಗೆ ಇದು ನಮ್ಮನ್ನು ಕಾಳಿ ನದಿಗೆ ಕರೆದುಕೊಂಡು ಹೋಗುತ್ತದೆ.

ಕಾರಣ ಇನ್ನೂ ಸೊಗಸು. ತಿರುಗುವ ಮೋಟಾರು ಒಳಗೊಳಗೇ ಜನರೇಟರೂ ಹೌದು! ಸುತ್ತುತ್ತಾ ಸುತ್ತುತ್ತಾ ಅದು ತನ್ನದೇ ವೋಲ್ಟೇಜು ಹುಟ್ಟಿಸಿ ಬ್ಯಾಟರಿಯ ವೋಲ್ಟೇಜಿಗೆ ಎದುರು ನಿಲ್ಲುತ್ತದೆ. ವೇಗ ಏರಿದಂತೆ ಆ ಎದುರೊತ್ತಡ ಏರುತ್ತದೆ, ಕರೆಂಟು ಇಳಿಯುತ್ತದೆ. ನಿಂತ ಮೋಟಾರಿಗೆ ಆ ತಡೆಯೇ ಇಲ್ಲ. ಬಾಗಿಲು ಹಾರುಹೊಡೆದ ಮನೆ! ಕರೆಂಟು ನುಗ್ಗುತ್ತದೆ.

ಹಳಿಯಾಳದ ರಸ್ತೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ನೋಡಿದ್ದೀರಾ? ಓಡುವಾಗ ಹಾಯಾಗಿರುತ್ತದೆ. ನಿಂತಲ್ಲಿಂದ ಮೊದಲ ಗಜ ಎಳೆಯುವಾಗ ನೋಡಿ, ಮೂತಿ ಎತ್ತುತ್ತದೆ, ಕಪ್ಪು ಹೊಗೆ ಕಾರುತ್ತದೆ! ರೋಬೋದ ಕಷ್ಟವೂ ಆ ಮೊದಲ ಗಜದ್ದೇ.

ಆದರೆ ತಾಳಿ. ನಮ್ಮ ರೋಬೋ ಹೊರಡುವಾಗ ಸಾಯಲಿಲ್ಲವಲ್ಲ! ತಿರುಗುವಾಗ ಸತ್ತಿತು. ಯಾಕೆ?

ದಾಂಡೇಲಿಯ ಟಿಂಬರ್ ಡಿಪೊಗೆ ಬನ್ನಿ, ಉತ್ತರ ಅಲ್ಲಿ ರಾಶಿ ಬಿದ್ದಿದೆ. ಸಾಗವಾನಿ ದಿಮ್ಮಿಯೊಂದನ್ನು ಉರುಳಿಸಿ. ಇಬ್ಬರು ಸಾಕು. ಅದೇ ದಿಮ್ಮಿಯನ್ನು ಉದ್ದಕ್ಕೆ ನೆಲದ ಮೇಲೆ ಎಳೆಯಿರಿ ನೋಡೋಣ! ಇಬ್ಬರಲ್ಲ, ನಾಲ್ವರಿದ್ದರೂ ಜಗ್ಗದು.

ಚಕ್ರವೂ ಹಾಗೆಯೇ! ನೇರ ಓಡುವಾಗ ಅದು ಉರುಳುತ್ತದೆ. ಸ್ಟೇರಿಂಗ್ ಇಲ್ಲದ ರೋಬೋ ನಿಂತಲ್ಲೇ ತಿರುಗಬೇಕಾದರೆ ಎಡದ ಚಕ್ರ ಹಿಂದಕ್ಕೆ, ಬಲದ ಚಕ್ರ ಮುಂದಕ್ಕೆ. ಆಗ ನಾಲ್ಕೂ ಚಕ್ರಗಳು ಅಡ್ಡಡ್ಡಲಾಗಿ ನೆಲವನ್ನು ಉಜ್ಜಿಕೊಂಡೇ ಹೋಗಬೇಕು. ರಬ್ಬರು ಎಷ್ಟು ಚೆನ್ನಾಗಿ ಹಿಡಿಯುತ್ತದೋ ಅಷ್ಟು ಹಿಂಸೆ. ಹುಡುಗರು ಹುಡುಕಿ ಹುಡುಕಿ ಒಳ್ಳೇ ಹಿಡಿತದ ರಬ್ಬರು ಹಾಕಿದ್ದರು!

ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕ್ಲಾಂಪ್ ಮೀಟರ್ ಕೇಳಿ ತಂದೆವು. ವೈರಿನ ಸುತ್ತ ದವಡೆಯ ಹಾಗೆ ಕಚ್ಚಿಕೊಂಡು, ತುಂಡರಿಸದೆಯೇ ಕರೆಂಟು ಹೇಳುವ ಉಪಕರಣ. ಅದನ್ನು ಹಾಕಿಯೂ ಪ್ರಯೋಜನವಾಗಲಿಲ್ಲ! ತಿರುಗು ಅಂದ ಕೂಡಲೇ ಬೋರ್ಡು ಸಾಯುತ್ತದೆ, ಬೋರ್ಡು ಸತ್ತರೆ ಮೋಟಾರು ನಿಲ್ಲುತ್ತದೆ, ಮೋಟಾರು ನಿಂತರೆ ವೋಲ್ಟೇಜು ಮತ್ತೆ 12.7! ಮೀಟರು ಕಣ್ಣು ಪಿಳುಕಿಸುವಷ್ಟರಲ್ಲಿ ಸಾಕ್ಷಿಯೇ ಮಾಯ. ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುವ ಮೀಟರಿಗೆ ಇಂಥ ಕಳ್ಳ ಸಿಗುವುದುಂಟೇ?

ಸೀಸದ ಬ್ಯಾಟರಿಯ ಗುಣವೂ ಕಳ್ಳನ ಪಕ್ಷವೇ. ಇದು ಫ್ರಾನ್ಸಿನ ಗಾಸ್ಟೋನ್ ಪ್ಲಾಂತೆ 1859ರಲ್ಲಿ ಕಂಡುಹಿಡಿದ ಬ್ಯಾಟರಿ. ಜೋರಾಗಿ ಎಳೆದಾಗ ಫಲಕದ ಸೂಕ್ಷ್ಮ ರಂಧ್ರಗಳೊಳಗಿನ ಆಮ್ಲ ಬೇಗ ಬಳಲುತ್ತದೆ. ಬಿಟ್ಟ ಕೂಡಲೇ ಹೊರಗಿನ ಆಮ್ಲ ಒಳಸೇರಿ ಚೇತರಿಸಿಕೊಳ್ಳುತ್ತದೆ. ಉಳುಮೆ ಬಿಟ್ಟು ಒಂದು ಗಳಿಗೆ ನಿಂತ ಎತ್ತು ಉಸಿರು ತೆಗೆದುಕೊಂಡ ಹಾಗೆ! ಸುಮ್ಮನೆ ಕೂತ ಬ್ಯಾಟರಿಗೆ ಮೀಟರು ಹಿಡಿದು "ಫುಲ್ ಐತಿ" ಅನ್ನುವುದು, ಕೂತ ಎತ್ತನ್ನು ನೋಡಿ ಅದರ ಬಲ ಹೇಳಿದಂತೆ.

ಆಗ ಹುಡುಗರಲ್ಲೇ ಒಬ್ಬನಿಗೆ ಹೊಳೆಯಿತು. ನಾನು ಕುಣಿದಾಡಿಬಿಟ್ಟೆ!

"ಬೋರ್ಡಿಗೆ ಬ್ಯಾರೆ ಬ್ಯಾಟರಿ ಕೊಡೋಣಲ್ಲ?"

ಹೌದಲ್ಲ! ಮಿದುಳಿಗೊಂದು, ತೋಳಿಗೊಂದು! ಆರ್ಡುಯಿನೋ ಬೋರ್ಡಿಗೆ ಪುಟ್ಟ 9 ವೋಲ್ಟಿನ ಬ್ಯಾಟರಿ ಸಿಕ್ಕಿಸಿದರು. ಮೋಟಾರುಗಳಷ್ಟೇ ದೊಡ್ಡ ಬ್ಯಾಟರಿಯ ಮೇಲೆ ಉಳಿದವು. ತಿರುಗು!

ತಿರುಗಿತು! ಸಾಯಲಿಲ್ಲ! ಏದುಸಿರು ಬಿಡುತ್ತಾ, ಮಂದವಾಗಿ, ಆದರೆ ನಿಲ್ಲದೆ ತಿರುಗಿತು. ಈಗ ಅಳೆಯುವುದಕ್ಕೆ ಬೇಕಾದಷ್ಟು ಸಮಯ!

ಕ್ಲಾಂಪ್ ಮೀಟರ್ ಹೇಳಿತು: 58 ಆಂಪಿಯರ್. ಬ್ಯಾಟರಿಯ ಮೊಳೆಯ ಮೇಲೆ ವೋಲ್ಟೇಜು: 10.9. ಮೋಟಾರು ಡ್ರೈವರ್ ಬೋರ್ಡಿನ ಬಾಯಲ್ಲಿ: 6.8!

ಇಲ್ಲಿ ನಿಲ್ಲಿ. ಬ್ಯಾಟರಿಯಿಂದ ಡ್ರೈವರ್‌ಗೆ ಇರುವ ದೂರ ಎಷ್ಟು ಗೊತ್ತೇ? ಅರ್ಧ ಮೀಟರ್! ಆ ಅರ್ಧ ಮೀಟರಿನಲ್ಲಿ 4.1 ವೋಲ್ಟು ಕಾಣೆ! ಮೊದಲು ಅದೇ ಜಾಗದಿಂದಲೇ ಆರ್ಡುಯಿನೋಗೂ ಊಟ ಹೋಗುತ್ತಿತ್ತು. ಅದಕ್ಕೆ 7ರಿಂದ 12 ವೋಲ್ಟ್ ಕೊಡಿ ಎಂದು ಮಾಡಿದವರೇ ಹೇಳಿದ್ದಾರೆ. ಸಿಕ್ಕಿದ್ದು 6.8. ಟಕ್ ಅನ್ನದೆ ಇನ್ನೇನು?

ಅಮೆರಿಕದ ಆ ಪಂದ್ಯದ ರೋಬೋಗಳಲ್ಲಿ ಬಹುಕಾಲ ಇದ್ದ 'ರೋಬೋರಿಯೊ' ಎಂಬ ಮಿದುಳು ಇದನ್ನು ಎಷ್ಟು ಜಾಣತನದಿಂದ ನಿಭಾಯಿಸುತ್ತದೆ ಕೇಳಿ. ವೋಲ್ಟೇಜು 6.8ಕ್ಕೆ ಇಳಿದರೆ ಸಣ್ಣಪುಟ್ಟ ಮೋಟಾರುಗಳ ಊಟ ಕಡಿತ. 6.3ಕ್ಕೆ ಇಳಿದರೆ ಎಲ್ಲ ಮೋಟಾರೂ ಬಂದ್! ತಾನು ಮಾತ್ರ ಎಚ್ಚರ. ಮತ್ತೆ 7.5 ದಾಟಿದ ಮೇಲಷ್ಟೇ ಕೆಲಸ ಶುರು. ಕೈಕಾಲು ಬಿಟ್ಟು ಪ್ರಾಣ ಉಳಿಸಿಕೊಳ್ಳುವ ಯಂತ್ರ!

ಸರಿ, ಕಳ್ಳನತ್ತ ಬರೋಣ. ಅರ್ಧ ಮೀಟರಿನಲ್ಲಿ ಎಲ್ಲಿ ಕೂತಿದ್ದಾನೆ?

ಹುಡುಗರು ಮೊದಲೇ 'ಬೀಪ್' ಪರೀಕ್ಷೆ ಮಾಡಿದ್ದರು. ವೈರಿನ ಈ ತುದಿಗೆ ಒಂದು ಕಡ್ಡಿ, ಆ ತುದಿಗೆ ಒಂದು. ಪ್ರತಿ ಜೋಡಣೆಯೂ ಬೀಪ್ ಎಂದಿತ್ತು! ಎಲ್ಲ ಸರಿ ಇದೆ ಅಂದುಕೊಂಡಿದ್ದರು. ಆದರೆ ನಿಮಗೆ ಗೊತ್ತೇ, ಎಷ್ಟೋ ಮೀಟರುಗಳು 30 ಓಮ್ ಅಡ್ಡಿ ಇದ್ದರೂ ಸಂತೋಷವಾಗಿ ಬೀಪ್ ಅನ್ನುತ್ತವೆ!

ನಮ್ಮ ಕಳ್ಳ ಎಷ್ಟು ಓಮಿನವನು? ಊಹಿಸಿ! 5? 1?

0.06!

ಮೀಟರಿನ ಕಡ್ಡಿಗಳ ವೈರಿನದ್ದೇ ಅಡ್ಡಿ ಇದಕ್ಕಿಂತ ಹೆಚ್ಚು! ಓಮ್ ಅಳೆಯುವ ಗುಂಡಿಯಲ್ಲಿ ಅವನು ಎಂದಿಗೂ ಸಿಗುವುದಿಲ್ಲ. ರೋಬೋ ನಿಂತಾಗಂತೂ ಅವನು ಇಲ್ಲವೇ ಇಲ್ಲ. ಕರೆಂಟು ಹರಿದಾಗ ಮಾತ್ರ ಹುಟ್ಟುವ ಕಳ್ಳ! ಹಾಗಾಗಿ ಹರಿಯುವಾಗಲೇ ಹಿಡಿಯಬೇಕು.

ಹಿಡಿಯುವ ಬಗೆ ಎಷ್ಟು ಸರಳ ನೋಡಿ. ಮೀಟರನ್ನು ವೋಲ್ಟಿಗೇ ಇಟ್ಟುಕೊಳ್ಳಿ. ಬ್ಯಾಟರಿಯ ಎರಡು ತುದಿಗೆ ಹಿಡಿಯುವ ಅಭ್ಯಾಸ ಬಿಡಿ. ಒಂದೇ ಜೋಡಣೆಯ ಆಚೆಗೊಂದು ಕಡ್ಡಿ, ಈಚೆಗೊಂದು ಕಡ್ಡಿ. ಜೋಡಣೆ ಚೆನ್ನಾಗಿದ್ದರೆ ಎರಡೂ ಕಡೆ ಒಂದೇ ವೋಲ್ಟೇಜು, ಮೀಟರಿನಲ್ಲಿ ಸೊನ್ನೆ. ಸೊನ್ನೆ ಬಿಟ್ಟು ಬೇರೇನು ತೋರಿಸಿದರೂ ಅದು ಕದ್ದ ಮಾಲು!

ಸ್ವಿಚ್ಚಿನ ಮೇಲೆ ಹಿಡಿದೆವು. ತಿರುಗು! 0.02. ಇವನಲ್ಲ.

ಉದ್ದ ವೈರಿನ ಮೇಲೆ, ಹೋಗುವುದು ಬರುವುದು ಎರಡೂ ಸೇರಿಸಿ. 0.7. ಸಣ್ಣ ಕಳ್ಳ ಸಿಕ್ಕ! ಮನೆಯ ದೀಪಕ್ಕೆ ಎಳೆಯುವ 1.5 ಚದರ ಮಿಲಿಮೀಟರಿನ ವೈರು ಅದು. ಒಂದು ಮೀಟರಿಗೆ ಸುಮಾರು 0.012 ಓಮ್.

ಇನ್ನು ಬ್ಯಾಟರಿಯ ಮೊಳೆಗೆ ಸಿಕ್ಕಿಸುವ ಪಿನ್ನು. ಕಪ್ಪು ಕಡ್ಡಿ ಬ್ಯಾಟರಿಯ ಮೊಳೆಗೇ. ಕೆಂಪು ಕಡ್ಡಿ ಪಿನ್ನಿನಾಚೆ, ವೈರಿನ ತಾಮ್ರಕ್ಕೆ. ನಿಂತಾಗ 0.00. ನಾನು ಉಸಿರು ಬಿಗಿಹಿಡಿದಿದ್ದೆ. ತಿರುಗು!

3.4!

"ಹೇ! ಮಾಮಾ! ಇಲ್ಲೇ ಐತ್ರಿ!"

ಇಲ್ಲೇ ಇತ್ತು! ಹುಣಸೆಬೀಜದಷ್ಟು ದೊಡ್ಡ ಪಿನ್ನು! ಪ್ಲಾಸ್ಟಿಕ್ ತೋಳು ಮುಟ್ಟಿದರೆ ಸುಡುತ್ತಿತ್ತು. ಸುಡದೆ ಏನು ಮಾಡೀತು? ಲೆಕ್ಕ ಹಾಕಿ. 3.4 ವೋಲ್ಟು, 58 ಆಂಪಿಯರು. ಗುಣಿಸಿದರೆ ಹತ್ತಿರ ಹತ್ತಿರ 200 ವ್ಯಾಟು! ಎರಡು ದೊಡ್ಡ ಹಳೇ ಬಲ್ಬುಗಳನ್ನು ಉರಿಸುವ ಶಕ್ತಿ ಒಂದು ಹುಣಸೆಬೀಜದೊಳಗೆ!

ಪಿನ್ನನ್ನು ಕತ್ತರಿಸಿ ಬಿಳಿ ಹಾಳೆಯ ಮೇಲಿಟ್ಟು ಮೊಬೈಲಿನ ಟಾರ್ಚು ಹಾಕಿದೆವು. ಆ ವೈರಿನಲ್ಲಿ ಕೂದಲೆಳೆಯಂಥ 22 ತಾಮ್ರದ ಎಳೆಗಳು. ಪಕ್ಕಡದಿಂದ ಒತ್ತಿದ್ದರಲ್ಲ, ಹಿಡಿತದೊಳಗೆ ಇದ್ದದ್ದು ಐದೇ ಐದು! ಉಳಿದ ಹದಿನೇಳರಲ್ಲಿ ಕೆಲವು ತುಂಡಾಗಿವೆ, ಕೆಲವು ಹೊರಗೆ ಬಾಗಿವೆ. ಇನ್ನೂ ಚಂದ ಏನೆಂದರೆ, ಪಿನ್ನು ಕಚ್ಚಿದ್ದು ಬಹುಪಾಲು ವೈರಿನ ಕೆಂಪು ಪ್ಲಾಸ್ಟಿಕ್ಕನ್ನು! ತಾಮ್ರ ಕಪ್ಪಿಟ್ಟಿತ್ತು. ಐದು ಎಳೆ ಬೀಪ್ ಅನ್ನುವುದಕ್ಕೆ ಸಾಕು. 58 ಆಂಪಿಯರ್ ಹೊರುವುದಕ್ಕೆ?

ಬದಲಾಗದೆ ಉಳಿದದ್ದು ಯಾವುದು ಎಂದು ಕೇಳಿದ್ದೆನಲ್ಲ, ಇದೇ! ಬ್ಯಾಟರಿ ಬದಲಾಯಿತು, ಪಿನ್ನು ವೈರಿನ ಜೊತೆಯೇ ಉಳಿಯಿತು.

ಅಕ್ಕನ ಕಿರಾಣಿ ಚೀಟಿಯ ಹಿಂದೆ ಅಳಿಯ ಲೆಕ್ಕ ಬರೆದ. 12.7 ಇತ್ತು. ಬ್ಯಾಟರಿಯ ಒಳಗೇ ಹೋದದ್ದು 1.8. ಪಿನ್ನು ತಿಂದದ್ದು 3.4. ವೈರು ತಿಂದದ್ದು 0.7. ಉಳಿದದ್ದು 6.8. ಒಂದು ಪೈಸೆ ಹೆಚ್ಚುಕಡಿಮೆ ಇಲ್ಲದ ಲೆಕ್ಕ! ಆ ಚೀಟಿಯನ್ನು ಈಗ ನನ್ನ ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ.

ಈಗ ಆ 131.

ಜೊಯಿಡಾ ತಾಲ್ಲೂಕಿನ ಗಣೇಶಗುಡಿಗೆ ಬನ್ನಿ. ಡಿಗ್ಗಿಯ ಕಾಡಿನಲ್ಲಿ ಹುಟ್ಟಿದ ಕಾಳಿಗೆ ಅಡ್ಡಲಾಗಿ ಸೂಪಾ ಅಣೆಕಟ್ಟು ನಿಂತಿದೆ. ಎತ್ತರ 101 ಮೀಟರ್! ಬುಡದಲ್ಲಿ ಎರಡು ಯಂತ್ರ, ಒಂದೊಂದೂ 50 ಮೆಗಾವ್ಯಾಟು. 50 ಮೆಗಾವ್ಯಾಟು ಅಂದರೆ 5 ಕೋಟಿ ವ್ಯಾಟು!

ಅಂಬಿಕಾನಗರದ ಕಡೆಯಿಂದ ಕಾಡಿನ ತಲೆಯ ಮೇಲೆ ಹಾಯುವ ದೊಡ್ಡ ಲೈನುಗಳನ್ನು ನೋಡಿದ್ದೀರಲ್ಲ? ಅಂಥ 2,20,000 ವೋಲ್ಟಿನ ಲೈನಿನ ಮೂರು ತಂತಿಗಳಲ್ಲಿ ಈ 50 ಮೆಗಾವ್ಯಾಟನ್ನು ಕಳಿಸಿದರೆ, ಒಂದೊಂದು ತಂತಿಯಲ್ಲಿ ಹರಿಯುವ ಕರೆಂಟು ಎಷ್ಟು? ಸಾವಿರ? ಹತ್ತು ಸಾವಿರ? ಲಕ್ಷ?

131 ಆಂಪಿಯರ್!

ನಾನು ಮೂರು ಸಲ ಲೆಕ್ಕ ಹಾಕಿದೆ. 131! ಅಂಗೈಯಲ್ಲಿ ಹಿಡಿಯುವ ಸಿಮ್ ಮೋಟಾರು ಶಾಫ್ಟು ಸಿಕ್ಕಿಕೊಂಡು ನಿಂತಾಗ ಬೇಡುವ ಕರೆಂಟೂ, ಸೂಪಾದ ಒಂದು ಯಂತ್ರದ ಪೂರ್ತಿ ವಿದ್ಯುತ್ತನ್ನು ಹೊತ್ತ ತಂತಿಯ ಕರೆಂಟೂ ಒಂದೇ! ಮೈ ಝುಂ ಅನ್ನುವುದಿಲ್ಲವೇ?

ಅಷ್ಟು ಕಡಿಮೆ ಹೇಗೆ? ವೋಲ್ಟೇಜು ಏರಿಸಿದ್ದರಿಂದ! ವೋಲ್ಟೇಜು ಎರಡರಷ್ಟಾದರೆ ಕರೆಂಟು ಅರ್ಧ, ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಕಾಲು ಭಾಗ. ಸೂಪಾದ ಅದೇ 50 ಮೆಗಾವ್ಯಾಟನ್ನು 12 ವೋಲ್ಟಿನಲ್ಲಿ ಕಳಿಸಲು ಹೋಗಿದ್ದರೆ? 41 ಲಕ್ಷ ಆಂಪಿಯರ್ ಮೀರುತ್ತಿತ್ತು! ಅದನ್ನು ಹೊರುವ ತಂತಿ ಎಷ್ಟು ದಪ್ಪ ಬೇಕು, ನೀವೇ ಕಣ್ಣಿಗೆ ತಂದುಕೊಳ್ಳಿ. ರೋಬೋ ಇರುವುದು ಆ ಕಷ್ಟದ ತುದಿಯಲ್ಲಿ. 12ರಲ್ಲಿ 3 ಹೋದರೆ ಕಾಲು ಭಾಗವೇ ಹೋಯಿತು. 2,20,000ದಲ್ಲಿ 3 ಹೋದರೆ ಯಾರಿಗೆ ಲೆಕ್ಕ?

ಮುಂಡಗೋಡದ ಹಳ್ಳಿಗಳಲ್ಲಿ ಲೈನಿನ ಕಟ್ಟಕಡೆಯ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ಪಕ್ಕದ ಗದ್ದೆಯ ಪಂಪ್‌ಸೆಟ್ ಶುರುವಾದ ಕ್ಷಣ ಬಲ್ಬು ಮಂಕಾಗಿ ಮತ್ತೆ ಬೆಳಗುತ್ತದಲ್ಲ? ಅದೇ! ನಿಂತ ಮೋಟಾರಿನ ಮೊದಲ ಗುಟುಕು!

ಇನ್ನು ರಿಪೇರಿ. ಪಿನ್ನು ಹೋಯಿತು, ತಾಮ್ರದ ಲಗ್ ಬಂತು, ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಜೋರಾಗಿ ಜಗ್ಗಿ ನೋಡಿದ್ದಾಯಿತು. 1.5ರ ವೈರು ಹೋಗಿ 10 ಚದರ ಮಿಲಿಮೀಟರಿನದು ಬಂತು. ತಿರುಗು! ಡ್ರೈವರಿನ ಬಾಯಲ್ಲಿ 10.7 ವೋಲ್ಟು! ಕರೆಂಟು ಅದೇ 58. ಆದರೆ ವೇಗ ನೋಡಬೇಕಿತ್ತು! ಒಂದೂವರೆ ಪಟ್ಟು ದಾಟಿತ್ತು. ಏದುಸಿರು ಬಿಡುತ್ತಿದ್ದ ಅದೇ ರೋಬೋ ಬುಗುರಿಯ ಹಾಗೆ ಸುತ್ತಿತು!

ಬೋರ್ಡಿನ ಪ್ರತ್ಯೇಕ ಬ್ಯಾಟರಿಯನ್ನು ಅವರು ತೆಗೆಯಲಿಲ್ಲ. ಪ್ರೋಗ್ರಾಮಿನಲ್ಲೂ ಎರಡು ಸಾಲು ಸೇರಿಸಿದರು: ಸೊನ್ನೆಯಿಂದ ಪೂರ್ತಿಗೆ ಒಮ್ಮೆಲೇ ಹಾರಬೇಡ, ಸೆಕೆಂಡಿನ ಐದನೇ ಒಂದು ಭಾಗ ತಗೊಂಡು ಏರು. ಆಡುವವನ ಕೈಗೆ ಗೊತ್ತೇ ಆಗದಷ್ಟು ಸಣ್ಣ ತಡ. ಬ್ಯಾಟರಿಗೆ ಮಾತ್ರ ದೊಡ್ಡ ಉಪಕಾರ!

ಆದರೆ ನನ್ನನ್ನು ನಿಜಕ್ಕೂ ಬೆರಗಾಗಿಸಿದ್ದು ಇದಾವುದೂ ಅಲ್ಲ. ವೈರನ್ನೂ ಮುಟ್ಟದೆ, ಪ್ರೋಗ್ರಾಮನ್ನೂ ಮುಟ್ಟದೆ ಕರೆಂಟು ಇಳಿಸುವ ಉಪಾಯವೊಂದಿದೆ! ಆರು ಚಕ್ರದ ರೋಬೋ ಕಟ್ಟುವವರು ನಡುವಿನ ಎರಡು ಚಕ್ರಗಳನ್ನು ಉಳಿದವಕ್ಕಿಂತ ಒಂದಿಷ್ಟು ಕೆಳಗೆ ಕೂರಿಸುತ್ತಾರೆ. ಎಷ್ಟು ಕೆಳಗೆ? 3 ಮಿಲಿಮೀಟರ್! ಅಷ್ಟೇ! ಆಗ ರೋಬೋ ಯಾವ ಗಳಿಗೆಯಲ್ಲೂ ಆರು ಚಕ್ರದ ಮೇಲೆ ನಿಲ್ಲುವುದಿಲ್ಲ, ನಾಲ್ಕರ ಮೇಲೆ ತೊಟ್ಟಿಲಂತೆ ತೂಗುತ್ತದೆ. ನೆಲ ಹಿಡಿದ ಚಕ್ರಗಳು ಹತ್ತಿರ ಹತ್ತಿರ ಬರುತ್ತವೆ, ಅಡ್ಡ ಉಜ್ಜುವುದು ತಗ್ಗುತ್ತದೆ. ವಿದ್ಯುತ್ತಿನ ರೋಗಕ್ಕೆ ಬಡಗಿಯ ಮದ್ದು!

ನಮ್ಮದು ನಾಲ್ಕೇ ಚಕ್ರ. ಹುಡುಗರು ಸುಮ್ಮನಿದ್ದಾರೆಯೇ? ಹಿಂದಿನ ಎರಡು ರಬ್ಬರ್ ಚಕ್ರಕ್ಕೆ ನುಣುಪಾದ ಇನ್ಸುಲೇಷನ್ ಟೇಪ್ ಸುತ್ತಿದರು. ಹಿಂಬದಿ ಜಾರಲಿ ಅಂತ! ಕ್ಲಾಂಪ್ ಮೀಟರ್ ಹಾಕಿದರು. ತಿರುಗು! 58 ಇದ್ದದ್ದು...

37! ಒಂದು ಸುತ್ತು ಟೇಪಿಗೆ 21 ಆಂಪಿಯರ್!

ಅಷ್ಟರಲ್ಲಿ ಒಳಗೆ ಅಕ್ಕ ಚಟ್ನಿಗೆ ಮಿಕ್ಸರ್ ಹಾಕಿದಳು. ಗುರ್ರ್... ದೇವರ ಗೂಡಿನ ಹಳೇ ಬಲ್ಬು ಒಂದು ಕ್ಷಣ ಮಂಕಾಗಿ ಮತ್ತೆ ಬೆಳಗಿತು.

ನಾಲ್ವರೂ ಒಟ್ಟಿಗೆ ತಲೆ ಎತ್ತಿದರು. ಕಣ್ಣು ನೋಡಬೇಕಿತ್ತು!

"ಮಾಮಾ, ಈಗ ಎಷ್ಟು ಬಿತ್ತು ಅಂತೀರಿ? ನೀವ ಹೇಳ್ರಿ!"